ಹದಿನಾಲ್ಕು ದಿನದ ಸೈಟು

ಕಳೆದ ಶನಿವಾರ ಮಗಳ ಶಾಲೆಯ ಕ್ಯಾಂಪಿಗೆಂದು ಗ್ಯಾರೇಜಿನ ಅಟ್ಟದಿಂದ ಟೆಂಟಿನ ಚೀಲ ಇಳಿಸಿದೆ. ಜಿಪ್ ಎಳೆದ ಕೂಡಲೇ ಹೊಗೆ, ಒದ್ದೆ ಬಟ್ಟೆ, ಪೈನ್ ಮರದ ಅಂಟು ಎಲ್ಲ ಸೇರಿದ ಒಂದು ವಾಸನೆ ಮುಖಕ್ಕೆ ಹೊಡೆಯಿತು. ಮೂರು ವರ್ಷವಾದರೂ ಅದು ಹೋಗಿಲ್ಲ. ಅನ್ವಿ ಹತ್ತಿರ ಬಂದು ಮೂಸಿ, "ಅಮ್ಮಾ, ಇಟ್ ಸ್ಮೆಲ್ಸ್ ಲೈಕ್ ಅಜ್ಜಾಸ್ ಸಮ್ಮರ್" ಅಂದಳು. ಟೆಂಟನ್ನು ಬಿಸಿಲಿಗೆ ಹರವಿ ನಾನು ಅಲ್ಲೇ ಡ್ರೈವ್‌ವೇ ಮೇಲೆ ಕುಳಿತುಬಿಟ್ಟೆ.

ಆ ಬೇಸಿಗೆ ನಮಗೆ ಮನೆ ಇರಲಿಲ್ಲ. ಮನ್ರೋದಲ್ಲಿ ಹೊಸ ಮನೆ ಕೊಂಡಿದ್ದೆವು, ಜೂನ್ ಕೊನೆಗೆ ಬೀಗದ ಕೈ ಕೊಡುತ್ತೇವೆ ಅಂದಿದ್ದರು. ಅದನ್ನು ನಂಬಿ ಪ್ಲೇನ್ಸ್‌ಬರೋದ ಅಪಾರ್ಟ್‌ಮೆಂಟ್ ಬಿಡುವುದಾಗಿ ನೋಟಿಸ್ ಕೊಟ್ಟೆವು. ಖಾಲಿ ಮಾಡಲು ಹತ್ತು ದಿನ ಇರುವಾಗ ಬಿಲ್ಡರ್ ಕಡೆಯ ಹೆಂಗಸು ಫೋನ್ ಮಾಡಿ, ಇನ್‌ಸ್ಪೆಕ್ಷನ್ ಒಂದು ಬಾಕಿ ಇದೆ, ಇನ್ನು ಮೂರು ವಾರ ಅಂದಳು. ಆ ಮೂರು ವಾರ ಕೊನೆಗೆ ಎಂಟು ವಾರವಾಯಿತು. ಅಷ್ಟರಲ್ಲಿ ನಮ್ಮ ಅಪಾರ್ಟ್‌ಮೆಂಟನ್ನು ಬೇರೆಯವರಿಗೆ ಕೊಟ್ಟಾಗಿತ್ತು. ಗುರುತಿನ ಕನ್ನಡದವರು ಒಬ್ಬಿಬ್ಬರು ತಮ್ಮ ಬೇಸ್‌ಮೆಂಟಿಗೆ ಕರೆದರು. ಆದರೆ ಬೇಸ್‌ಮೆಂಟಿನ ತಂಪು ಅಪ್ಪನಿಗೆ ಆಗದು. ಅಪ್ಪನಿಗೆ ಉಬ್ಬಸ.

ಅಪ್ಪ ಹುಬ್ಬಳ್ಳಿಯಿಂದ ಮೇ ತಿಂಗಳಲ್ಲಿ ಬಂದಿದ್ದ. ಮೂವತ್ತೊಂದು ವರ್ಷ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವನು. ಹಿಂದಿನ ಚಳಿಗಾಲದಲ್ಲಿ ಅವ್ವ ತೀರಿಕೊಂಡಿದ್ದಳು. ನಾನು ಇಲ್ಲಿಂದ ಹೋಗಿ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಅಲ್ಲಿಂದ ಬಂದ ಮೇಲೆ ನನಗೆ ಒಂದು ಕಡೆ ಕೂರುವುದೇ ಆಗುತ್ತಿರಲಿಲ್ಲ. ಊಟದ ನಡುವೆ ಎದ್ದು ಕಪಾಟು ಒರೆಸುತ್ತಿದ್ದೆ. ಆಸ್ಪತ್ರೆಯ ಲ್ಯಾಬಿನಲ್ಲಿ ಎರಡು ಸ್ಯಾಂಪಲ್‌ಗಳ ನಡುವೆ ಸಿಕ್ಕ ಐದು ನಿಮಿಷದಲ್ಲಿ ಫೋನ್ ತೆಗೆದು ಮನೆಗಳ ಫೋಟೋ ನೋಡುತ್ತಿದ್ದೆ. ಮನ್ರೋದ ಮನೆಯನ್ನು ಹಟ ಹಿಡಿದು ಕೊಂಡದ್ದು ನಾನೇ, ಅದರ ಕೆಳಗಿನ ಅಂತಸ್ತಿನಲ್ಲಿ ಒಂದು ಮಲಗುವ ಕೋಣೆ, ಅದಕ್ಕೆ ಹೊಂದಿಕೊಂಡು ಬಚ್ಚಲುಮನೆ ಇತ್ತು ಎಂಬ ಕಾರಣಕ್ಕೆ. ಅದು ಅಪ್ಪನ ಕೋಣೆ. ಅಪ್ಪ ಇನ್ನು ಮುಂದೆ ನಮ್ಮ ಜೊತೆಯೇ ಇರುತ್ತಾನೆ ಎಂದು ನಾನು ತೀರ್ಮಾನ ಮಾಡಿದ್ದೆ. ಅವನನ್ನು ಕೇಳಿರಲಿಲ್ಲ.

ನನ್ನ ಜೊತೆ ಲ್ಯಾಬಿನಲ್ಲಿ ಕೆಲಸ ಮಾಡುವ ಡಾನಾ ನಮ್ಮ ಪೇಚಾಟ ಕೇಳಿ, ತನ್ನ ಹಳೆಯ ಆರ್‌ವಿಯನ್ನು ಒಯ್ಯಿರಿ ಅಂದಳು. ಮೊಣಕಾಲು ನೋವಿನಿಂದ ಎರಡು ವರ್ಷದಿಂದ ಅವಳು ಅದನ್ನು ಓಡಿಸಿರಲಿಲ್ಲ. ಇಪ್ಪತ್ತೈದು ಅಡಿ ಉದ್ದದ ಗಾಡಿ. ಒಳಗೆ ಎರಡು ಹಾಸಿಗೆ, ಒಂದು ಒಲೆ, ಮೈ ತಿರುಗಿಸಲಾಗದ ಒಂದು ಬಚ್ಚಲು. ಒಂದು ಹಾಸಿಗೆ ಅಪ್ಪನಿಗೆ, ಒಂದು ಮಹೇಶನಿಗೆ, ಪಕ್ಕದಲ್ಲಿ ಟೆಂಟು ಹಾಕಿ ನಾನೂ ಅನ್ವಿಯೂ ಎಂದು ಲೆಕ್ಕ ಹಾಕಿದೆವು. ಸಾಮಾನೆಲ್ಲ ಬಾಡಿಗೆ ಗೋದಾಮಿಗೆ ಹೋಯಿತು.

ಅಪ್ಪ ಗಾಡಿಯ ಸುತ್ತ ಒಂದು ಸುತ್ತು ಬಂದ. ಟೈರುಗಳನ್ನು ಕಾಲಿನಿಂದ ಒದ್ದು ನೋಡಿದ. ಆಮೇಲೆ ಮೆಟ್ಟಿಲ ಮೇಲೆ ಕೂತು, "ಇದು ವಸ್ತಿ ಗಾಡಿ ಬಿಡವಾ" ಅಂದ. ಸಂಜೆ ಕೊನೆಯ ಹಳ್ಳಿಗೆ ಹೋಗಿ, ಅಲ್ಲೇ ರಾತ್ರಿ ತಂಗಿ, ಬೆಳಿಗ್ಗೆ ಮೊದಲ ಟ್ರಿಪ್ಪಿಗೆ ಹೊರಡುವ ಬಸ್ಸಿಗೆ ನಮ್ಮ ಕಡೆ ವಸ್ತಿ ಗಾಡಿ ಎನ್ನುತ್ತಾರೆ. ನಾನು ಚಿಕ್ಕವಳಿದ್ದಾಗ ಅಪ್ಪ ವಾರದಲ್ಲಿ ನಾಲ್ಕು ದಿನ ಆ ಗಾಡಿಯಲ್ಲೇ ಇರುತ್ತಿದ್ದ. ಅವನಿಗೆ ಆ ಮಾತಿನಲ್ಲಿ ಸಂತೋಷವಿತ್ತು. ನನಗೆ ಇರಲಿಲ್ಲ.

ಇನ್ನು ಗಾಡಿ ನಿಲ್ಲಿಸಿ ಟೆಂಟು ಹಾಕಲು ಜಾಗ ಆರಿಸುವ ಕೆಲಸ. ಸ್ಟೇಟ್ ಪಾರ್ಕಾಗಲಿ ಕೌಂಟಿ ಪಾರ್ಕಾಗಲಿ, ನಾವು ನೋಡಿದ ಕಡೆಯೆಲ್ಲ ಒಂದು ಸೈಟಿನಲ್ಲಿ ಹದಿನಾಲ್ಕು ದಿನಕ್ಕಿಂತ ಹೆಚ್ಚು ಇರಲು ಬಿಡುವುದಿಲ್ಲ. ಬೇಸಿಗೆಯಲ್ಲಿ ಶನಿವಾರ ಭಾನುವಾರದ ಸೈಟುಗಳೆಲ್ಲ ತಿಂಗಳುಗಟ್ಟಲೆ ಮೊದಲೇ ಬುಕ್ ಆಗಿರುತ್ತವೆ. ಯಾರಾದರೂ ಕ್ಯಾನ್ಸಲ್ ಮಾಡಿದರೆ ಮಾತ್ರ ನಮಗೆ. ಮಂಡ್ಯ ಕಡೆಯವನಾದ ಮಹೇಶ ಇಂಜಿನಿಯರು, ಆಫೀಸು ಹೋಬೋಕನ್‌ನಲ್ಲಿ. ಅವನು ಎಕ್ಸೆಲ್ ಶೀಟು ತೆರೆದ. ಟ್ರೇನ್ ಸ್ಟೇಷನ್ ಎಷ್ಟು ದೂರ, ಆಸ್ಪತ್ರೆ ಎಷ್ಟು ದೂರ, ಕರೆಂಟ್ ಕನೆಕ್ಷನ್ ಇದೆಯೋ ಇಲ್ಲವೋ, ಕೊಳೆ ನೀರು ಖಾಲಿ ಮಾಡುವ ಜಾಗ ಎಲ್ಲಿದೆ, ಸ್ನಾನಕ್ಕೆ ಬಿಸಿನೀರು ಬರುತ್ತದೆಯೋ, ಫೋನ್ ಸಿಗ್ನಲ್ ಹೇಗೆ, ಇಪ್ಪತ್ತೈದು ಅಡಿ ಗಾಡಿ ಹಿಡಿಸುತ್ತದೆಯೋ ಎಂದು ಕಾಲಮ್ಮುಗಳನ್ನು ಮಾಡಿದ. ನಾನು ಫೋಟೋ ನೋಡುತ್ತಿದ್ದೆ. ಡಾನಾ ಮಾತ್ರ, "ಕೆರೆಯ ಫೋಟೋ ನೋಡಿ ಮೋಸಹೋಗಬೇಡ. ಸಂಜೆ ಗಾಳಿ ಯಾವ ಕಡೆಯಿಂದ ಬೀಸುತ್ತದೆ ಅಂತ ಕೇಳು" ಎಂದಿದ್ದಳು. ನಾನು ಹೂಂ ಅಂದು ಮರೆತೆ.

ಹುಬ್ಬಳ್ಳಿಯಲ್ಲಿರುವ ಅಣ್ಣ ಫೋನ್ ಮಾಡಿದಾಗ ಅಪ್ಪ, "ಶೈಲಾ ಸೈಟ್ ಹುಡುಕಾಕತ್ತಾಳ" ಅಂದ. ಅಣ್ಣ ಗಾಬರಿಯಾಗಿ, "ಮನಿ ತಗೊಂಡಾರಲಾ, ಮತ್ತ್ಯಾಕ ಸೈಟು?" ಅಂದ. "ಇದು ಹದಿನಾಲ್ಕು ದಿನದ ಸೈಟಪಾ, ರಿಜಿಸ್ಟ್ರಿ ಇಲ್ಲ ಏನಿಲ್ಲ" ಎಂದು ಅಪ್ಪ ನಕ್ಕ.

ಮೊದಲ ಎರಡು ವಾರ ಸಿಕ್ಕಿದ್ದು ಮಹೇಶನ ಶೀಟಿನಲ್ಲಿ ಮೊದಲು ನಿಂತ ಒಂದು ಕೌಂಟಿ ಪಾರ್ಕು. ಜಲ್ಲಿ ಹಾಸಿದ ಸೈಟು, ಕರೆಂಟು, ಬಿಸಿನೀರು, ಹತ್ತು ನಿಮಿಷಕ್ಕೆ ಸ್ಟೇಷನ್. ಎಲ್ಲ ಇತ್ತು, ಚೆಂದ ಒಂದು ಇರಲಿಲ್ಲ. ಮರಗಳ ಆಚೆಯೇ ಹೈವೇ. ಬೆಳಗಿನ ನಾಲ್ಕೂವರೆಯಿಂದ ಟ್ರಕ್ಕುಗಳ ಮೊರೆತ. ಟೆಂಟಿನಲ್ಲಿ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಅಪ್ಪ ಮಾತ್ರ ಗಡದ್ದಾಗಿ ನಿದ್ದೆ ಮಾಡಿ ಎದ್ದು, "ಈ ಸಪ್ಪಳ ಇದ್ರ ನನಗ ಡಿಪೋದಾಗ ಮಲಗಿದಂಗ ಆಕ್ಕೇತಿ" ಅನ್ನುತ್ತಿದ್ದ.

ಪಕ್ಕದ ಸೈಟಿನಲ್ಲಿ ರಾನ್ ಎಂಬ ನಿವೃತ್ತ ಪ್ಲಂಬರ್ ಇದ್ದ. ಕಾರಿನ ಹಿಂದೆ ಕಟ್ಟಿ ಎಳೆಯುವ ಉದ್ದನೆಯ ಟ್ರೇಲರ್ ಅವನದು. ಅದನ್ನು ರಿವರ್ಸ್ ತೆಗೆದುಕೊಂಡು ಸೈಟಿಗೆ ಹಾಕಲು ಅವನು ಮೂರು ಸಲ ಒದ್ದಾಡುವುದನ್ನು ನೋಡಿದ ಅಪ್ಪ ತಡೆಯಲಾರದೆ ಎದ್ದುಹೋದ. ಟ್ರೇಲರಿನ ಹಿಂದೆ ನಿಂತು, ಕೈ ಎತ್ತಿ, "ಬರ್ಲಿ... ಬರ್ಲಿ... ಎಡಕ್ಕ, ಎಡಕ್ಕ... ಬರ್ಲಿ... ಹೋಲ್ಡಾನ್!" ಎಂದು ಕೂಗಿದ. ರಾನ್‌ಗೆ ಭಾಷೆ ಗೊತ್ತಿಲ್ಲ, ಕೈ ಗೊತ್ತಾಯಿತು. ಟ್ರೇಲರ್ ಕಂಬಕ್ಕೆ ಒಂದು ಗೇಣು ಬಿಟ್ಟು ನೆಟ್ಟಗೆ ನಿಂತಿತು. ಮುಂದಿನ ವಾರದೊಳಗೆ ಸೈಟುಗಳನ್ನು ಬಳಸಿಬರುವ ಆ ಲೂಪ್ ರಸ್ತೆಯಲ್ಲಿ ಯಾರೇ ಹೊಸಬರು ಬಂದರೂ ರಾನ್ ಓಡಿಬಂದು ಅಪ್ಪನನ್ನು ಕರೆಯುತ್ತಿದ್ದ. ಅನ್ವಿ ಅಜ್ಜನ ದುಭಾಷಿ. ಆದರೆ ಅವಳಿಗೆ ಕೆಲಸ ಹೆಚ್ಚಿರಲಿಲ್ಲ.

ನಾನು ಮಾತ್ರ ಲೂಪಿನ ಸುತ್ತ ನಡೆಯುತ್ತಿದ್ದೆ. ಬೆಳಿಗ್ಗೆ ಐದು ಸುತ್ತು, ಸಂಜೆ ಐದು. ನಡೆಯುತ್ತಲೇ ಫೋನಿನಲ್ಲಿ ಪಾರ್ಕುಗಳ ಬುಕಿಂಗ್ ಪುಟ ತೆರೆದು, ಕ್ಯಾನ್ಸಲ್ ಆದದ್ದೇನಾದರೂ ಇದೆಯೇ ಎಂದು ಬೆರಳು ಎಳೆಯುತ್ತಿದ್ದೆ. ಹಾಗೆ ನಡೆಯುವಾಗ ಸ್ನಾನದ ಮನೆಗಳ ಹಿಂದೆ, ಸಿಗ್ನಲ್ ಚೆನ್ನಾಗಿ ಸಿಗುವ ಜಾಗದಲ್ಲಿ, ಅಪ್ಪ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಮಾತಾಡುವುದು ಕಾಣುತ್ತಿತ್ತು. ದಿನಾ ಬೆಳಿಗ್ಗೆ ಏಳಕ್ಕೆ. "ಕನ್ನಡಿ ನೋಡು... ಗಡಿಬಿಡಿ ಮಾಡಬ್ಯಾಡ" ಎಂದೇನೋ ಕಿವಿಗೆ ಬೀಳುತ್ತಿತ್ತು. ಡಿಪೋದ ಹಳೆಯ ಗೆಳೆಯರ ಜೊತೆ ಹರಟೆ ಅಂದುಕೊಂಡು ಮುಂದೆ ಹೋಗುತ್ತಿದ್ದೆ.

ಹದಿನಾಲ್ಕು ದಿನ ಮುಗಿದ ಮೇಲೆ ದಕ್ಷಿಣದ ಪೈನ್ ಕಾಡಿನ ಒಂದು ಸ್ಟೇಟ್ ಪಾರ್ಕಿಗೆ ಹೋದೆವು. ಬಿಳಿ ಮರಳು, ಚಹಾ ಬಣ್ಣದ ಹೊಳೆ. ಕರೆಂಟ್ ಇಲ್ಲ. ಔಷಧಿಯನ್ನು ಮಂಜಾಗಿಸಿ ಉಸಿರಿಗೆ ಕೊಡುವ ಅಪ್ಪನ ನೆಬ್ಯುಲೈಸರನ್ನು ಗಾಡಿಯ ಬ್ಯಾಟರಿಯಿಂದ ಓಡಿಸಬೇಕಾಗಿತ್ತು. ಪ್ರತಿ ಸಂಜೆ ಅನ್ವಿಯ ಕಾಲಿಗೆ ಉಣ್ಣೆ ಹುಳ ಕಚ್ಚಿಕೊಂಡಿದೆಯೇ ಎಂದು ಟಾರ್ಚ್ ಹಿಡಿದು ನೋಡುತ್ತಿದ್ದೆವು. ಮಹೇಶ ಹೋಗಿಬರುವುದರಲ್ಲೇ ನಾಲ್ಕು ತಾಸು ಕಳೆಯುತ್ತಿದ್ದ. ಸುಸ್ತಾಗಿ ಬಂದು ಉಂಡು ಮಲಗುತ್ತಿದ್ದ. ಮನೆ ಮತ್ತೆ ಎರಡು ವಾರ ಮುಂದೆ ಹೋಯಿತು ಎಂದು ಅಲ್ಲಿರುವಾಗಲೇ ಫೋನ್ ಬಂತು.

ಆ ಹೊತ್ತಿಗೆ ನನಗೆ ಉತ್ತರದ ಬೆಟ್ಟಗಳ ನಡುವಿನ ಕೆರೆದಂಡೆಯ ಸೈಟೊಂದು ಸಿಕ್ಕಿತು. ಯಾರೋ ಕ್ಯಾನ್ಸಲ್ ಮಾಡಿದ್ದರು, ಹತ್ತು ದಿನ ಖಾಲಿ. ಫೋಟೋದಲ್ಲಿ ಬೆಳಗಿನ ಮಂಜು, ನೀರಿನಂಚಿಗೇ ಕಲ್ಲಿನ ಮೇಜು. ನೋಡಿದ ಕೂಡಲೇ ಎದೆಯೊಳಗೆ ಏನೋ ಸಡಿಲವಾಯಿತು.

"ಶೈಲಾ, ಇದ್ರಲ್ಲಿ ಕರೆಂಟ್ ಇಲ್ಲ, ಸಿಗ್ನಲ್ ಇಲ್ಲ. ನಿಂಗೆ ಆಸ್ಪತ್ರೆಗೆ ಒಂದೂವರೆ ಗಂಟೆ. ಆ ಕೌಂಟಿ ಪಾರ್ಕಲ್ಲೇ ಇನ್ನೊಂದು ಸೈಟ್ ಖಾಲಿ ಇದೆಯಲ್ಲ" ಅಂದ ಮಹೇಶ.

"ಹೋಬೋಕನ್‌ಗೆ ಅಲ್ಲಿಂದ ನೇರ ಟ್ರೇನ್ ಇದೆ. ನಿನಗೆ ಒಳ್ಳೇದೇ."

"ನಂಗೆ ಒಳ್ಳೇದು ಅಂತ ಹೋಗ್ತಿದ್ದೀವಾ? ನಿಜ ಹೇಳು."

"ಹೈವೇ ಪಕ್ಕ ಮತ್ತೆ ಹದಿನಾಲ್ಕು ದಿನ ಕೂತರೆ ನನಗೆ ಹುಚ್ಚು ಹಿಡಿಯುತ್ತದೆ!" ಎಂದು ಕೂಗಿದೆ. ಅವನು ಲ್ಯಾಪ್‌ಟಾಪ್ ಮುಚ್ಚಿದ. ಅಪ್ಪನ ಕಡೆ ತಿರುಗಿದೆ. "ನೀ ಹೇಳಪಾ."

ಅಪ್ಪ ನನ್ನ ಮುಖ ನೋಡಿದ. "ನಿನಗ ಎಲ್ಲಿ ಸೇರತೈತಿ ಅಲ್ಲಿಗೆ ಹೋಗೂಣು" ಅಂದ.

ಕೆರೆ ಫೋಟೋದಲ್ಲಿ ಇದ್ದಷ್ಟೇ ಚೆಂದ ಇತ್ತು. ಲ್ಯಾಬಿಗೆ ರಜೆ ಹಾಕಿದ್ದೆ. ಮೊದಲ ಮೂರು ದಿನ ನಾನು ಒಂದು ಸುತ್ತೂ ನಡೆಯಲಿಲ್ಲ, ಕಲ್ಲಿನ ಮೇಜಿನ ಮೇಲೆ ಕೂತು ನೀರು ನೋಡಿದೆ. ಬೆಳಿಗ್ಗೆ ಅಪ್ಪ ಫೋನ್ ಹಿಡಿದು ಸಿಗ್ನಲ್ ಸಿಗುವ ಗೇಟಿನವರೆಗೆ ಏರು ಹತ್ತಿ ಹೋಗುವುದನ್ನು ಕಂಡೆ. ಒಂದು ಮೈಲಿ ದಾರಿ. ಇಷ್ಟು ಕಷ್ಟಪಟ್ಟು ಯಾರಿಗೆ ಫೋನು ಎಂದು ಆಗಲೂ ಕೇಳಲಿಲ್ಲ. ಸಂಜೆ ಅವನು ಬೇಗ ಗಾಡಿಯೊಳಗೆ ಹೋಗಿ ಕಿಟಕಿ ಮುಚ್ಚಿಕೊಳ್ಳುತ್ತಿದ್ದ. ಸೊಳ್ಳೆ ಅನ್ನುತ್ತಿದ್ದ.

ಸೊಳ್ಳೆ ಅಲ್ಲ, ಹೊಗೆ. ನಾಲ್ಕೂ ಕಡೆ ಬೆಟ್ಟ, ನಡುವೆ ತಟ್ಟೆಯಂತಹ ತಗ್ಗು. ಸಂಜೆ ಪ್ರತಿ ಸೈಟಿನವರೂ ಕಟ್ಟಿಗೆ ಉರಿ ಹಾಕುತ್ತಿದ್ದರು. ಗಾಳಿ ಬಿದ್ದುಹೋದ ಮೇಲೆ ಆ ಹೊಗೆಯೆಲ್ಲ ಮೇಲೆ ಹೋಗದೆ ನೀರಿನ ಮೇಲೆ ಚಾಪೆಯಂತೆ ಹಾಸಿಕೊಳ್ಳುತ್ತಿತ್ತು. ನಾವಿದ್ದದ್ದು ನೀರಿನಂಚಿನಲ್ಲಿ. ನನಗೆ ಅದೂ ಫೋಟೋದ ಮಂಜಿನಂತೆ ಚೆಂದವಾಗಿಯೇ ಕಂಡಿತ್ತು.

ನಾಲ್ಕನೆಯ ಸಂಜೆ ಶುಕ್ರವಾರ. ಕ್ಯಾಂಪ್‌ಗ್ರೌಂಡ್ ತುಂಬಿತ್ತು. ಇನ್ನೂ ಬೆಳಕಿತ್ತು. ಮಹೇಶ ಬಂದಿರಲಿಲ್ಲ, ಅವನ ಕಾರು ಸ್ಟೇಷನ್ನಿನಲ್ಲಿತ್ತು, ನನ್ನ ಕಾರು ಆ ವಾರ ರಿಪೇರಿಗೆ ಹೋಗಿತ್ತು. ಅನ್ವಿ ಟೆಂಟಿನತ್ತ ಓಡಿಬಂದು, "ಅಮ್ಮಾ, ಅಜ್ಜ ಈಸ್ ಬ್ರೀದಿಂಗ್ ಫನ್ನಿ" ಅಂದಳು.

ಅಪ್ಪ ಹಾಸಿಗೆಯ ಅಂಚಿನಲ್ಲಿ ಎರಡೂ ಕೈ ಮೊಣಕಾಲಿಗೆ ಊರಿ ಕೂತಿದ್ದ. ಕುತ್ತಿಗೆಯ ನರಗಳು ಎದ್ದಿದ್ದವು. ಇನ್‌ಹೇಲರ್ ಪಕ್ಕದಲ್ಲಿ ಬಿದ್ದಿತ್ತು. "ಎಷ್ಟ ಸಲ ತಗೊಂಡಿ?" ಎಂದೆ. ಬೆರಳು ತೋರಿಸಿದ, ಆರು. ತುಟಿಯ ಬಣ್ಣ ನೋಡಿದರೆ ಸಾಕಾಗಿತ್ತು. ನೆಬ್ಯುಲೈಸರಿನ ಮಾಸ್ಕ್ ಹಾಕಿ ಸ್ವಿಚ್ ಒತ್ತಿದೆ. ಒಂದು ನಿಮಿಷ ಗುರುಗುಟ್ಟಿ ನಿಂತಿತು. ಮೂರು ದಿನದಲ್ಲಿ ಒಳಗಿನ ಬ್ಯಾಟರಿ ಇಳಿದುಹೋಗಿತ್ತು, ನಾನು ನೋಡಿರಲಿಲ್ಲ. ಫೋನಿಗೆ ಸಿಗ್ನಲ್ ಇರಲಿಲ್ಲ.

ಅನ್ವಿ ಅಷ್ಟರಲ್ಲಿ ಹೊರಗೋಡಿದ್ದಳು. "ಮೈ ಗ್ರ್ಯಾಂಡ್‌ಪಾ ಕಾಂಟ್ ಬ್ರೀದ್! ಪ್ಲೀಸ್ ಪುಟ್ ಔಟ್ ಯುವರ್ ಫೈರ್!" ಎಂದು ಒಂದೊಂದೇ ಸೈಟಿಗೆ ಹೋಗಿ ಕೂಗುವುದು ಕೇಳಿಸಿತು. ಜನ ಒಳ್ಳೆಯವರು. ಎಲ್ಲರೂ ಎದ್ದು ಉರಿಯ ಮೇಲೆ ಬಕೆಟ್ಟುಗಟ್ಟಲೆ ನೀರು ಸುರಿದರು. ನೀರು ಬಿದ್ದ ಕೂಡಲೇ ಬೂದಿಯಿಂದ ಬಿಳಿ ಹೊಗೆ ಭುಸ್ಸೆಂದು ಎದ್ದು ಮೊದಲಿಗಿಂತ ಇಮ್ಮಡಿಯಾಯಿತು.

ಎಂಜಿನ್ನಿಗೆ ಬೇರೆ ಬ್ಯಾಟರಿ ಇದೆ, ಅದನ್ನು ಚಾಲೂ ಮಾಡಿದರೆ ಒಳಗೂ ಕರೆಂಟ್ ಬರುತ್ತದೆ ಎಂದು ಡಾನಾ ಹೇಳಿದ್ದು ನೆನಪಾಯಿತು. ಚಾಲೂ ಮಾಡಿದೆ. ಮಾಸ್ಕಿನಲ್ಲಿ ಮತ್ತೆ ಮಂಜು ಬಂತು. ಆದರೆ ಆ ಹೊಗೆಯಲ್ಲಿ ಅದು ಎಷ್ಟು ಹೊತ್ತು? ಅಲ್ಲಿಯವರೆಗೆ ಆ ಗಾಡಿಯನ್ನು ನಾನು ಒಂದು ಗಜವೂ ಓಡಿಸಿರಲಿಲ್ಲ, ಮಹೇಶನೇ ಓಡಿಸುತ್ತಿದ್ದ. ಟೆಂಟು, ಕುರ್ಚಿ, ಪಾತ್ರೆ ಎಲ್ಲ ಅಲ್ಲೇ ಬಿಟ್ಟೆ. ಅನ್ವಿಯನ್ನು ಅಜ್ಜನ ಪಕ್ಕ ಮಾಸ್ಕ್ ಹಿಡಿಯಲು ಕೂರಿಸಿ, ಗೇರ್ ಹಾಕಿದೆ.

ಏರಿನ ಅರ್ಧದಲ್ಲಿ ತಿರುವು. ಎದುರಿನಿಂದ ದೊಡ್ಡದೊಂದು ಟ್ರೇಲರ್ ಎಳೆದುಕೊಂಡು ಪಿಕಪ್ ಇಳಿಯುತ್ತಿತ್ತು. ಅವನು ಹಿಂದೆ ಹೋಗಲಾರ. ನಾನು ಹೋಗಬೇಕು, ಇಳಿಜಾರಿನಲ್ಲಿ, ಒಂದು ಕಡೆ ಕಂದಕ. ಬ್ರೇಕ್ ಒತ್ತಿ ನಿಂತೆ. "ಅಪ್ಪಾ, ನನಗ ಬರೂದಿಲ್ಲ" ಎಂದು ಚೀರಿದೆ.

ಹಿಂದಿನಿಂದ ಗಾಡಿಯ ಗೋಡೆಯ ಮೇಲೆ ಟಕ್ ಟಕ್ ಎಂದು ಎರಡು ಸಲ ಬಡಿದ ಸದ್ದಾಯಿತು. ಕಂಡಕ್ಟರುಗಳು ಬಸ್ಸಿಗೆ ಬಡಿಯುವ ಹಾಗೆ. ಎರಡು ಬಡಿದರೆ ಹೋಗಲಿ, ಒಂದಾದರೆ ನಿಲ್ಲು. ಅಪ್ಪ ಮಾಸ್ಕ್ ಹಾಕಿಕೊಂಡೇ ಹಿಂದಿನ ಕಿಟಕಿಗೆ ಮುಖ ಹಚ್ಚಿದ್ದ. ಟಕ್ ಟಕ್. ಸ್ವಲ್ಪ ಹಿಂದಕ್ಕೆ ಬಿಟ್ಟೆ. ಟಕ್ ಟಕ್. ಟಕ್. ನಿಲ್ಲಿಸಿದೆ. ಅನ್ವಿ, "ಅಜ್ಜ ಸೇಸ್ ಲೆಫ್ಟ್, ಅಮ್ಮಾ, ಲೆಫ್ಟ್!" ಎಂದಳು. ಟಕ್ ಟಕ್. ಗಾಡಿ ರಸ್ತೆಯ ಅಗಲವಾದ ಜಾಗಕ್ಕೆ ಸರಿಯಿತು, ಪಿಕಪ್ ಪಕ್ಕದಲ್ಲಿ ದಾಟಿಹೋಯಿತು. ಗೇಟಿನಲ್ಲಿದ್ದ ರೇಂಜರ್ ನಮ್ಮನ್ನು ನೋಡಿದ ಕೂಡಲೇ ರೇಡಿಯೋ ಎತ್ತಿಕೊಂಡಳು. ಆಂಬುಲೆನ್ಸ್ ಹನ್ನೊಂದು ನಿಮಿಷಕ್ಕೆ ಬಂತು. ನಾನು ಗಡಿಯಾರ ಬಿಟ್ಟು ಬೇರೇನನ್ನೂ ನೋಡಿರಲಿಲ್ಲ.

ಅಪ್ಪನನ್ನು ಎರಡು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಮರುದಿನ ಬೆಳಿಗ್ಗೆ ಅವನು ಮಲಗಿದ್ದಾಗ ನನ್ನ ಕೈಚೀಲದಲ್ಲಿ ಅವನ ಫೋನ್ ರಿಂಗಾಯಿತು. ಪರದೆಯ ಮೇಲೆ "ಲಕ್ಷ್ಮಿ ಹೆವಿ" ಎಂದು ಹೆಸರಿತ್ತು. ಹಿಂದಿನ ಸಂಜೆಯಿಂದ ಅದೇ ಹೆಸರಿನ ನಾಲ್ಕು ಕಾಲ್ ತಪ್ಪಿಹೋಗಿದ್ದವು. ಎತ್ತಿದೆ.

"ಸರ್, ನಾ ಫೇಲಾದ್ನಿರಿ" ಎಂದಿತು ಹೆಣ್ಣುದನಿ. "ರಿವರ್ಸಿನ್ಯಾಗ ಕಂಬಕ್ಕ ಹಚ್ಚಿಬಿಟ್ಟೆ. ಟೆಸ್ಟಿಗೆ ಹೋಗೂ ಮುಂಚೆ ನಿಮ್ಮ ಜೋಡಿ ಮಾತಾಡಿದ್ರ ಧೈರ್ಯ ಬರ್ತಿತ್ತು, ನೀವು ಫೋನ್ ಎತ್ತಲಿಲ್ಲ."

ನಾನು ಮಗಳು, ಅಪ್ಪನಿಗೆ ಹುಷಾರಿಲ್ಲ ಎಂದೆ. ಆಕೆ ಗಾಬರಿಯಾಗಿ ತನ್ನ ಟೆಸ್ಟನ್ನೇ ಮರೆತು ಹತ್ತು ಸಲ ಅಪ್ಪನ ಬಗ್ಗೆ ಕೇಳಿದಳು. ಆಮೇಲೆ ಒಂದೊಂದೇ ಗೊತ್ತಾಯಿತು. ಅಪ್ಪ ನಿವೃತ್ತಿಯಾದ ಮೇಲೆ ಸಂಜೆ ಹೊತ್ತು ಒಂದು ಡ್ರೈವಿಂಗ್ ಶಾಲೆಯ ಮೈದಾನಕ್ಕೆ ಹೋಗಿ ದೊಡ್ಡ ಗಾಡಿ ಕಲಿಸುತ್ತಿದ್ದ. ಲಕ್ಷ್ಮಿ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮಾಡುವವಳು, ಹೆವಿ ಲೈಸೆನ್ಸ್ ತೆಗೆದು ಶಾಲೆಯ ಬಸ್ ಓಡಿಸಬೇಕು ಎಂದು ಹಟ ತೊಟ್ಟವಳು. ನಮ್ಮ ಬೆಳಗಿನ ಏಳು ಎಂದರೆ ಅಲ್ಲಿ ಸಂಜೆ ನಾಲ್ಕೂವರೆ, ಅವಳ ಪ್ರಾಕ್ಟೀಸಿನ ಹೊತ್ತು. ಇದಕ್ಕಾಗಿ ಅಪ್ಪ ಒಂದು ಮೈಲಿ ಏರು ಹತ್ತುತ್ತಿದ್ದ. ನಿವೃತ್ತಿಯ ಮೇಲೆ ಅವನು ಏನು ಮಾಡುತ್ತಾನೆ ಎಂದು ನಾನು ಎಂದೂ ಕೇಳಿರಲಿಲ್ಲ. ಕಟ್ಟೆಯ ಮೇಲೆ ಕೂತಿರುತ್ತಾನೆ ಅಂದುಕೊಂಡಿದ್ದೆ.

ಎದ್ದ ಮೇಲೆ ಹೇಳಿದೆ. ಅಪ್ಪ ಕಣ್ಣು ಮುಚ್ಚಿ, "ಎಡಗನ್ನಡಿ ನೋಡಿರಾಕಿಲ್ಲ" ಅಂದ ಅಷ್ಟೆ.

"ಹೊಗಿ ತ್ರಾಸ ಕೊಡ್ತದ ಅಂತ ಮೊದಲ ದಿನಾನ ಯಾಕ ಹೇಳಲಿಲ್ಲಪಾ?"

"ನಿಮ್ಮವ್ವ ಹೋದಮ್ಯಾಲ ನೀ ಒಂದ ಕಡೆ ಕುಂತದ್ದ ನೋಡಿದ್ದಿಲ್ಲ. ಆ ಕೆರಿ ಮುಂದ ಕುಂತಿದ್ದಿ" ಅಂದ. ನಾನು ಹೊರಗೆ ಹೋಗಿ, ಕಾರಿಡಾರಿನ ಗೋಡೆಗೆ ಒರಗಿ ಅತ್ತೆ. ಮಹೇಶ ಬಂದು ಪಕ್ಕದಲ್ಲಿ ನಿಂತ. ಶೀಟಿನ ಮಾತು ಎತ್ತಲಿಲ್ಲ. ಅವನು ಎತ್ತಿದ್ದರೆ ಹಗುರವಾಗುತ್ತಿತ್ತೇನೋ.

ಕೆರೆದಂಡೆಯಲ್ಲಿ ಬಿಟ್ಟಿದ್ದ ಟೆಂಟು, ಪಾತ್ರೆಗಳನ್ನು ಮಹೇಶ ಹೋಗಿ ತಂದ, ಮತ್ತೆ ಕೌಂಟಿ ಪಾರ್ಕಿಗೆ ಬಂದೆವು. ಈ ಸಲ ನಾನೇ ಹೋಗಿ, ಕಚೇರಿಯಲ್ಲಿ ಗಾಳಿ ಯಾವ ಕಡೆಯಿಂದ ಎಂದು ಕೇಳಿ, ಉರಿ ಹಾಕುವ ಸೈಟುಗಳಿಂದ ದೂರದ, ಹೈವೇಗೆ ಇನ್ನೂ ಹತ್ತಿರದ ಒಂದು ಮೂಲೆ ಆರಿಸಿದೆ. ಮಹೇಶನನ್ನು ಟೆಂಟಿಗೆ ಕಳಿಸಿ ನಾನು ಗಾಡಿಯೊಳಗೆ ಮಲಗಿ, ಟ್ರಕ್ಕುಗಳ ಮೊರೆತದಲ್ಲಿ ಎಚ್ಚರವಾಗಿದ್ದು ಅಪ್ಪನ ಉಸಿರು ಸಮವಾಗಿ ಬರುವುದನ್ನು ಕೇಳುತ್ತಿದ್ದೆ. ಹಗಲು ಅದೇ ಚಡಪಡಿಕೆ, ಅದೇ ಸುತ್ತು.

ಆಗಸ್ಟ್ ಕೊನೆಗೆ ಬೀಗದ ಕೈ ಸಿಕ್ಕಿತು. ಅಪ್ಪನಿಗೆ ಕೆಳಗಿನ ಕೋಣೆ ತೋರಿಸಿದೆ. ಕಿಟಕಿ ತೆರೆದು ನೋಡಿದ, ನಲ್ಲಿ ತಿರುಗಿಸಿ ನೋಡಿದ. "ಚಲೋ ಐತಿ" ಅಂದ. ಹಾಸಿಗೆಯ ಮೇಲೆ ಕೂತು ಫೋನನ್ನು ಕೈಯಲ್ಲಿ ಹೊರಳಿಸುತ್ತಿದ್ದ. ಊರಿಗೆ ಹೋಗುತ್ತೇನೆ ಎಂದು ಹೇಳಲು ಅವನಿಗೆ ಕಷ್ಟವಾಗುತ್ತಿದೆ ಎಂದು ನನಗೆ ತಿಳಿಯಿತು.

"ಆಕಿದು ಮುಂದಿನ ಟೆಸ್ಟ್ ಯಾವಾಗಪಾ?" ಎಂದೆ.

"ಅಕ್ಟೋಬರದಾಗ."

ಅವನ ಟಿಕೆಟ್ ನವೆಂಬರಿಗಿತ್ತು. ನಾನು ಅದನ್ನು ಇನ್ನೂ ಮುಂದಕ್ಕೆ, ಸಾಧ್ಯವಾದರೆ ಎಂದೆಂದಿಗೂ ಮುಂದಕ್ಕೆ ಹಾಕುವ ಯೋಚನೆಯಲ್ಲಿದ್ದೆ. ಲ್ಯಾಪ್‌ಟಾಪ್ ತಂದು ಅವನ ಪಕ್ಕ ಕೂತೆ. ಟಿಕೆಟನ್ನು ಸೆಪ್ಟೆಂಬರ್ ಮೂರನೆಯ ವಾರಕ್ಕೆ ಬದಲಿಸಿದೆ. ಅಪ್ಪ ಪರದೆಯನ್ನೇ ನೋಡುತ್ತಿದ್ದ, ಮುಗಿದ ಮೇಲೆ ನನ್ನ ತಲೆಯ ಮೇಲೆ ಕೈ ಇಟ್ಟ. ಚಿಕ್ಕಂದಿನಲ್ಲೂ ಅವನು ಹಾಗೆ ಮಾಡಿದ್ದು ನನಗೆ ನೆನಪಿಲ್ಲ.

ಅಕ್ಟೋಬರಿನ ಒಂದು ಬೆಳಿಗ್ಗೆ ಏಳಕ್ಕೆ ಕೆಲಸಕ್ಕೆ ಹೊರಡುವ ಮುಂಚೆ ಹುಬ್ಬಳ್ಳಿಗೆ ಫೋನ್ ಮಾಡಿದೆ. ಟೆಸ್ಟಿಗೆ ಇನ್ನು ಎರಡು ದಿನವಿತ್ತು. ತುಂಬಾ ಹೊತ್ತು ರಿಂಗಾದ ಮೇಲೆ ಅಪ್ಪ ಎತ್ತಿದ. ಹಿಂದೆ ಡೀಸೆಲ್ ಎಂಜಿನ್ನಿನ ಸದ್ದು, ಯಾರೋ ನಗುವುದು. ಔಷಧಿ ತಗೊಂಡಿಯೇನಪಾ ಎಂದು ಕೇಳಲು ಬಾಯಿ ತೆರೆದಿದ್ದೆ.

"ಆಮ್ಯಾಲ ಮಾಡವಾ. ಈಗ ಆಕಿ ರಿವರ್ಸ್ ತಗೊಳ್ಳಾಕತ್ತಾಳ" ಎಂದು ಅಪ್ಪ ಫೋನ್ ಕಟ್ ಮಾಡಿದ.